ಆವಿಗೆ ಆರುವ ತನಕ

ತೊಂಬತ್ತಾರು ಡಿಗ್ರಿ, ಈಗ ತೊಂಬತ್ತೈದು, ಮಡಕೆ ಸುಡುವ ಆವಿಗೆಯ ಪೆಟ್ಟಿಗೆಯ ಮೇಲೆ ಕೆಂಪು ಅಂಕಿ ಇಳಿಯುತ್ತಿದೆ, ಅರುವತ್ತಕ್ಕೆ ಬರುವ ತನಕ ಬಾಗಿಲು ತೆಗೆಯುವಂತಿಲ್ಲ, ತೆಗೆದರೆ ತಣ್ಣನೆ ಗಾಳಿ ನುಗ್ಗಿ ಮಣ್ಣು ಟಪ್ಪೆಂದು ಸೀಳುತ್ತದೆ, ಹದಿನಾಲ್ಕು ವರ್ಷದಿಂದ ಇದರ ಮುಂದೆ ಕೂತು ಕೂತು ಕುಂಬಾರಿಕೆ ಬಳಗದವರ ಬಾಯಲ್ಲಿ ಆವಿಗೆ ಅಕ್ಕ ಎಂದೇ ಆಗಿಹೋದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ, ಪ್ರತಿ ಸಲ ಬೇಗ ಆರಲಿ ಎಂದು ಚಡಪಡಿಸುವವಳು ಇವತ್ತು ಆರದೇ ಇದ್ದರೆ ಸಾಕು ಅನ್ನುತ್ತಿದ್ದಾಳೆ — ನಾಲ್ಕಕ್ಕೆ ಅವರು ಬರುತ್ತಾರೆ, ಬೆಳಿಗ್ಗೆ ಫೋನಿನಲ್ಲಿ ಆಸ್ಪತ್ರೆಯ ಕಲಾ ಚಿಕಿತ್ಸೆಯ ಆ ಹುಡುಗಿಯ ದನಿ ನಗುತ್ತಿತ್ತೋ ಅಳುತ್ತಿತ್ತೋ, ಅಕ್ಕಾ, ನಮ್ಮ ಹಸಿರು ಸ್ವೆಟರಿನವರು ಬಾಯಿ ಬಿಟ್ರು ಅಕ್ಕಾ, ಏಳು ತಿಂಗಳ ಮೇಲೆ, ನಾನು ಮಾಡಿದ ಮಣ್ಣಿನ ಮನೆ ಒಳಗೆ ತೀರಿಕೊಂಡ ನನ್ನ ತಂಗಿ ಮಲಗಿದ್ದಾಳೆ, ಅವಳೇನೂ ಒಡೆದಿಲ್ಲ ತಾನೇ ಅಂತ ಕೇಳಿ ಅಂದ್ರು — ಅವಳು ಹೂಂ ಅಂದಳು, ಇಲ್ಲ ಒಡೆದಿಲ್ಲ ಅನ್ನಬೇಕಾದ ಕಡೆ ಬರೀ ಹೂಂ, ಫೋನು ಇಟ್ಟ ಮೇಲೆ ಕಣ್ಣು ಹೋಗಿ ನಿಂತದ್ದು ಮೂಲೆಯಲ್ಲಿ ಬೇಡದ ಮಣ್ಣು ನೆನೆಹಾಕುವ ರಾಡಿ ಬಕೆಟ್ಟಿನ ಮೇಲೆ, ನೆನಪಾದದ್ದು ಎರಡು ಉಗುರು ಗುರುತು, ಪಕ್ಕಪಕ್ಕದಲ್ಲಿ.

ಎಂಬತ್ತೆಂಟು. ಇದೆಲ್ಲ ಅವಳೇ ತಲೆ ಮೇಲೆ ಎಳೆದುಕೊಂಡದ್ದು, ಬಳಗದ ಸಭೆಯಲ್ಲಿ ಎದ್ದು ನಿಂತು ಬುಧವಾರ ಮಧ್ಯಾಹ್ನ ಈ ಕೋಣೆ ಖಾಲಿ ಬಿದ್ದಿರುತ್ತೆ, ಆಸ್ಪತ್ರೆಯವರು ಎಂಟು ಜನ ಬಂದು ಮಣ್ಣು ಮೆತ್ತಿಕೊಂಡು ಹೋದರೆ ನಮ್ಮ ಗಂಟೇನು ಹೋಗುತ್ತೆ ಎಂದವಳು ಅವಳೇ, ಬರೀ ಹೂಜಿ ಮಾಡುವ ಹೂಜಿ ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಗಂಟಲ್ಲಮ್ಮಾ ಹೋಗೋದು, ನನ್ನ ಹೂಜಿ, ಮೊದಲನೇ ಸಲ ಮಾಡಿದವರ ಮುದ್ದೆ ಒಳಗೆ ಗಾಳಿ ಇರುತ್ತೆ, ಅದು ಪಟಾಕಿ ಥರ ಹಾರಿದರೆ ನನ್ನ ಒಂದು ತಿಂಗಳ ಕೆಲಸ ಪುಡಿಪುಡಿ — ಎಲ್ಲರೂ ನಕ್ಕರು, ಯಾರೂ ಕೈ ಎತ್ತಲಿಲ್ಲ, ಆಗ ಅವಳು ಒಂದೇ ಒಂದು ತುಂಡೂ ಒಡೆಯೋದಿಲ್ಲ, ನನ್ನ ಜವಾಬ್ದಾರಿ ಅಂದಳು, ಒಂಬತ್ತು ಕೈ ಮೇಲೆದ್ದವು, ಮೊದಲ ಬುಧವಾರವೇ ಆ ಹುಡುಗಿ ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ, ಅಕ್ಕಾ ಒಂದೇ ಒಂದು ಮಾತು, ಅವರು ಮಾಡಿದ್ದನ್ನ ಯಾರೂ ಸರಿ ಮಾಡಬಾರದು, ಸೊಟ್ಟ ಇದ್ರೆ ಸೊಟ್ಟ, ಮುಟ್ಟೋ ಮುಂಚೆ ಅವರನ್ನೇ ಕೇಳಿ — ಅದಕ್ಕೂ ಹೂಂ. ಸಭೆಗೊಂದು, ಹುಡುಗಿಗೊಂದು, ಎರಡು ಮಾತು, ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಮುರಿದಿದ್ದಾಳೆ, ಮುರಿಯುವಾಗ ಅದು ಮುರಿಯುವುದು ಎಂದೂ ಅನ್ನಿಸಿರಲಿಲ್ಲ, ಕೆಲಸ ಅನ್ನಿಸಿತ್ತು.

ಎಪ್ಪತ್ತೊಂಬತ್ತು. ಸುಡುವ ಮುಂಚೆ ಆ ಮನೆ ಅಂಗೈಯಲ್ಲಿ ಇಟ್ಟಿಗೆಯಷ್ಟು ಭಾರ ಇತ್ತು, ಕಿಟಕಿಯಿಲ್ಲ, ಬಾಗಿಲಿಲ್ಲ, ಎಲ್ಲೂ ಉಸಿರಾಡಲು ತೂತಿಲ್ಲ, ಇಂಥದು ಆವಿಗೆಯಲ್ಲಿ ಒಡೆದೇ ಒಡೆಯುತ್ತದೆ, ಅದಕ್ಕೆ ಎಲ್ಲರೂ ಏನು ಮಾಡುತ್ತಾರೋ ಅವಳೂ ಅದನ್ನೇ ಮಾಡಿದಳು, ತಂತಿ ಹಿಡಿದು ಮನೆಯ ಮೇಲಿನ ಮಾಡನ್ನು ಕೊಯ್ದು ಎತ್ತಿ, ಗೋಡೆ ಕೆರೆದು ತೆಳ್ಳಗೆ ಮಾಡಿ, ತಳಕ್ಕೆ ಕಡ್ಡಿಯಿಂದ ತೂತು ಚುಚ್ಚಿ, ಮತ್ತೆ ಮಾಡನ್ನು ಅಂಟಿಸಿ ಒದ್ದೆ ಬೆರಳಿಂದ ಗೆರೆ ಅಳಿಸಿದಳು, ಯಾರಿಗೂ ತಿಳಿಯದಂತೆ, ಅಷ್ಟು ಚೆಂದಕ್ಕೆ — ಚಿಕ್ಕಂದಿನಲ್ಲಿ ಅಮ್ಮ ಹೀಗೇ, ಅವಳು ಹಾಕಿಕೊಂಡ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುವಳು, ಅವಳು ಹಾಕಿದ ಪುಸ್ತಕದ ರಟ್ಟನ್ನು ಕಿತ್ತು ಮತ್ತೆ ಮಡಚುವಳು, ಬಿಡೇ, ನಿನಗೆ ಗೊತ್ತಾಗಲ್ಲ, ಸಿಟ್ಟಿಲ್ಲದ ದನಿ, ಪ್ರೀತಿಯದೇ ದನಿ, ಆ ಜಡೆ ಹಾಕಿಕೊಂಡು ಹೋಗುವಾಗ ತಲೆ ಬೇರೆ ಯಾರದೋ ಅನ್ನಿಸುತ್ತಿತ್ತು — ಮಾಡು ಎತ್ತಿದಾಗ ಒಳಗೆ ಒಂದು ಮಣ್ಣಿನ ತುಣುಕು ಇತ್ತು, ಹೆಬ್ಬೆರಳಿನ ತುದಿಯಷ್ಟು, ನಾದುವಾಗ ಉಳಿದ ಗಂಟು ಇರಬೇಕು, ಎತ್ತಿ ನೋಡಿದಳು, ನೋಡಿಯೇ ನೋಡಿದಳು, ಅದರ ಮೇಲೆ ಎರಡು ಉಗುರು ಗುರುತು, ಮುಚ್ಚಿದ ಕಣ್ಣಿನಂತೆ — ಇಲ್ಲ, ಆಗ ಕಣ್ಣು ಅನ್ನಿಸಿರಲಿಲ್ಲ, ಉಗುರು ತಾಕಿದೆ ಅನ್ನಿಸಿತ್ತು, ಬಕೆಟ್ಟಿಗೆ ಹಾಕಿದಳು, ಪುಳಕ್ ಎಂದಿತು, ಎಂಟು ದಿನವಾಯಿತು, ಈ ನಡುವೆ ಎರಡು ಸಲ ಕೋಲು ಹಾಕಿ ಕಲಕಿಯೂ ಆಗಿದೆ, ಕರಗಿಹೋಗಿರಬೇಕು.

ಅರುವತ್ತು. ಬಾಗಿಲು ತೆಗೆದಳು, ಒಂದೂ ಒಡೆದಿರಲಿಲ್ಲ, ಹೂಜಿ ಮೇಷ್ಟ್ರು ತಮ್ಮ ಹೂಜಿ ಒಯ್ಯಲು ಬಂದವರು ಅವಳ ಮುಖ ನೋಡಿ ಕೇಳಿದರು, ಅವಳು ಹೇಳಿದಳು, ಅವರು ಅಷ್ಟೇನಾ ಎಂದರು, ಒಳಗಿನ ತುಣುಕು ಬಿಸಿಗೆ ನೆಲಕ್ಕೆ ಅಂಟ್ಕೊಂಡಿದೆ, ಅದಕ್ಕೇ ಅಲ್ಲಾಡಿಸಿದ್ರೂ ಸದ್ದಿಲ್ಲ ಅಂದ್ಬಿಡಮ್ಮ, ಯಾರು ಬಗ್ಗಿ ನೋಡ್ತಾರೆ, ಎಷ್ಟು ಕಷ್ಟಪಟ್ಟು ತಂದ ಬುಧವಾರದ ತರಗತಿ ಇದು, ನಿಜ ಹೇಳಿದ್ರೆ ಆ ಹುಡುಗಿ ನಾಳೆಯಿಂದ ಒಬ್ಬರನ್ನೂ ಕಳಿಸಲ್ಲ — ಹೌದು, ಹಾಗೆ ಆಗುತ್ತದೆ, ಅಂಟಿಕೊಂಡಿದೆ ಅಂದರೆ ಎಲ್ಲರೂ ನಂಬುತ್ತಾರೆ, ಮೇಷ್ಟ್ರು ಆ ಬಾಗಿಲಿಂದ ಹೋಗುತ್ತಿದ್ದಂತೆ ಹುಡುಗಿಯೂ ಹಸಿರು ಸ್ವೆಟರಿನವರೂ ಈ ಬಾಗಿಲಿಂದ ಬಂದರು, ಹಸಿರು ಸ್ವೆಟರಿನವರು ಎರಡೂ ಕೈ ಚಾಚಿದರು, ಅವಳು ಬೆಚ್ಚಗಿದ್ದ ಮನೆಯನ್ನು ಆ ಕೈಯಲ್ಲಿಟ್ಟಳು, ಎಷ್ಟು ಹಗುರ ಎಂದು ಅವರ ಹುಬ್ಬು ಏರಿತು, ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದರು, ಇನ್ನೊಂದು ಸಲ ಅಲ್ಲಾಡಿಸಿದರು, ಕೋಣೆಯಲ್ಲಿ ಆವಿಗೆಯ ತಗಡು ಆರುವ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ, ಅಂಟ್ಕೊಂಡಿದೆ ಎನ್ನಲು ಬಾಯಿ ತೆರೆದಳು, ಬಿಡೇ ನಿನಗೆ ಗೊತ್ತಾಗಲ್ಲ ಎಂದು ಅಮ್ಮನ ದನಿ ಅದರಿಂದ ಬರುವುದರಲ್ಲಿತ್ತು, ಬಾಯಿ ಮುಚ್ಚಿ ಮತ್ತೆ ತೆರೆದಳು — ಅವಳು ಅದರಲ್ಲಿ ಇಲ್ಲ. ನಾನು ತೆಗೆದೆ. ನಿಮ್ಮನ್ನ ಕೇಳಲಿಲ್ಲ.

ಹುಡುಗಿ ಅಕ್ಕಾ ಎಂದಷ್ಟೇ ಅಂದಳು. ಎಲ್ಲಿ, ಎಂದರು ಹಸಿರು ಸ್ವೆಟರಿನವರು, ಆ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು, ದಪ್ಪ ದನಿ, ಅವಳು ಬಕೆಟ್ಟು ತೋರಿಸಿದಳು, ಅವರು ಮನೆಯನ್ನು ಹಲಗೆಯ ಮೇಲಿಟ್ಟು ಸ್ವೆಟರಿನ ತೋಳು ಮಡಚಿ ಮಂಡಿಯೂರಿ ರಾಡಿಯೊಳಗೆ ಮೊಣಕೈ ತನಕ ಕೈ ಇಳಿಬಿಟ್ಟರು, ತಡೆಯಬೇಕೇ, ಯಾರೂ ತಡೆಯಲಿಲ್ಲ, ಹುಡುಕುವಂತೆ ಕಾಣಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದರು, ಎಷ್ಟೋ ಹೊತ್ತು, ಆಮೇಲೆ ತಣ್ಣಗಿದೆ ಎಂದರು, ಆಮೇಲೆ, ಬುಧವಾರ ಬರ್ತೀನಿ, ಅಲ್ಲಿ ತನಕ ಇದನ್ನ ಯಾರೂ ಮುಟ್ಟಬೇಡಿ, ಎಂದು ಕೈ ಎತ್ತಿದರು, ಅವಳು ಹೂಂ ಅನ್ನಲಿಲ್ಲ, ಮುಟ್ಟಲ್ಲ ಎಂದಳು, ಬಕೆಟ್ಟಿನ ಅಂಚಿಗೆ ಮೆತ್ತಿದ್ದ ಹಸಿ ಮಣ್ಣಿನಲ್ಲಿ ಅವರು ಇನ್ನೊಂದು ಕೈಯಿಂದ ಒತ್ತಿ ಹಿಡಿದಿದ್ದ ಕಡೆ, ಒರೆಸಬೇಕೆಂದು ಅವಳ ಹೆಬ್ಬೆರಳು ತಾನಾಗಿ ಮುಂದೆ ಹೋಗಿ ನಿಂತಿತು, ನಿಂತೇ ಇತ್ತು, ಎರಡು ಉಗುರು ಗುರುತು, ಪಕ್ಕಪಕ್ಕದಲ್ಲಿ