ಹಾಡುವ ಕಂಚನ್ನು ಒಲ್ಲದ ಸುವಾರ್ಜೊ

ಸುವಾರ್ಜೊ ಸದಾ ಬಲಕ್ಕೆ ವಾಲಿಕೊಂಡೇ ನಡೆಯುತ್ತಾನೆ. ಅದು ಸೊಂಟದ ದೋಷವಲ್ಲ. ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ ಅವನ ಹಳೆಯ ಕೋಟಿನ ಬಲಜೇಬಿನಲ್ಲಿ ಹಡಗಿನ ಪಂಖದ ಚೂರು, ನೀರೆತ್ತುವ ಯಂತ್ರದ ಬಳೆ, ಕಪ್ಪು ನೈಲಾನಿನ ತುಂಡು, ಹೀಗೆ ಗುಜರಿಯಿಂದ ಆರಿಸಿ ತಂದ ಭಾರ ಯಾವಾಗಲೂ ಇರುತ್ತದೆ. ಜಾವಾ ದ್ವೀಪದ ವೊನೊಸೊಬೊದ ಇಳಿಜಾರಿನಲ್ಲಿ ಕೋಸು ಹೇರಿಕೊಂಡು ಇಳಿಯುವ ನಮ್ಮೂರ ಮೋಟಾರ್‌ಸೈಕಲ್ಲುಗಳಲ್ಲಿ, ಹಿಂದಿನ ಚಕ್ರದ ಕವೆ ಚಾಸಿಗೆ ಸೇರುವ ಕೀಲಿನೊಳಗೆ ಹೆಬ್ಬೆರಳು ಗಾತ್ರದ ಬುಷ್ ಒಂದಿರುತ್ತದಲ್ಲ, ಅದನ್ನು ಲೇತಿನಲ್ಲಿ ಕಡೆದು ಕೊಡುವುದೇ ಅವನ ಜೀವನೋಪಾಯ. ಗಿರಾಕಿ ಎಷ್ಟೇ ಅವಸರಪಟ್ಟರೂ ಮೊದಲು ಕಂಚಿನ ತುಂಡನ್ನು ದಾರಕ್ಕೆ ತೂಗುಹಾಕಿ, ತಟ್ಟಿ, ಕಣ್ಣು ಮುಚ್ಚಿ ಆಲಿಸುತ್ತಾನೆ. ನಾದ ಎಳೆದು ನಿಂತಿತೋ, ತುಂಡು ಮೂಲೆಗೆ. "ಇದು ಹಾಡ್ತದೆ, ಬೇಡ" ಎನ್ನುತ್ತಾನೆ, ದಣಿದ ದನಿಯಲ್ಲಿ.

ಕಂಚಿನ ವಾದ್ಯಗಳ ಗಮೆಲಾನ್ ಮೇಳದಲ್ಲಿ ನುಡಿಸುತ್ತಿದ್ದ ಅವನ ತಂದೆ ತೀರಿಕೊಂಡಾಗ, ಒಂದು ತುದಿ ಸೀಳಿ ಸ್ವರಗೆಟ್ಟ ದಪ್ಪ ಕಂಚಿನ ಪಟ್ಟಿಯೊಂದು ಇವನ ಪಾಲಿಗೆ ಬಂತು. ಗುರುವಾರದ ಸಂಜೆಗಳಲ್ಲಿ ಹೂವು, ಧೂಪ ಕಂಡ ಲೋಹ; ಕಾಲೆತ್ತಿ ದಾಟಲೂ ನಾವು ಅಂಜುವ ವಸ್ತು. ತಂಗಿಯ ಗಂಡ ತುಕಿಮನ್ ಬುಷ್ ಬೇಕೆಂದಾಗ, ಸುವಾರ್ಜೊ, ಮನೆಯವನಿಗೆ ಗುಜರಿ ಮಾಲೇಕೆ, ಅಪ್ಪನೇ ಕಾಯಲಿ ಎಂದು ಪಟ್ಟಿಯ ಗಟ್ಟಿ ತುದಿಯನ್ನು ಕೊಯ್ದು ಕಡೆದ. ನಾದಕ್ಕೆಂದು ತವರ ಹೆಚ್ಚು ಬೆರೆಸಿದ ಕಂಚು ಪೆಟ್ಟು ತಾಳದೆಂಬುದು ಇಪ್ಪತ್ತು ವರ್ಷ ಲೇತಿನ ಮುಂದೆ ನಿಂತವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದುದನ್ನು ಆ ದಿನ ಭಕ್ತಿ ನುಂಗಿತು. ಎರಡನೆಯ ವಾರ, ತುಂಬಿದ ಬುಟ್ಟಿಗಳೊಡನೆ ಇಳಿಯುವಾಗ ಬುಷ್ ಒಡೆದು, ಚಕ್ರ ಅಡ್ಡ ಹೊರಳಿ, ತುಕಿಮನ್‌ನ ಮಂಡಿ ಚೂರಾಯಿತು.

ಹತ್ತು ತಿಂಗಳ ಮೇಲೆ ಅವನೇ ಗಾಡಿ ತಳ್ಳಿಕೊಂಡು, ಕುಂಟುತ್ತ ಬಂದ.

"ಭಾವ, ಬುಷ್ ಹಾಕ್ಕೊಡಿ. ನಾಳೆ ಸಂತೆಗೆ ಇಳೀಬೇಕು."

"ಬೇರೆ ಕಡೆ ಹೋಗಪ್ಪ. ನನ್ ಕೈ ಸರಿಯಿಲ್ಲ."

"ಕೈಯೇನೋ ಸರಿಯಾಗೇ ಇತ್ತು. ಮಾವನ ಕಂಚಿಗೆ ಕೋಸಿನ ವಾಸ್ನೆ ಸೇರ್ಲಿಲ್ಲ, ಅಷ್ಟೇ!" ನಗುತ್ತ ತುಕಿಮನ್ ಮಡಿಸಲಾಗದ ಕಾಲನ್ನು ಚಾಚಿ ಬಾಗಿಲಿಗೆ ಅಡ್ಡ ಕುಳಿತ. "ನೀವ್ ಮಾಡೋವರ್ಗೂ ನಾನ್ ಏಳಲ್ಲ."

ಸುವಾರ್ಜೊ ಜೇಬು ಬರಿದು ಮಾಡಿದ. ನೈಲಾನ್ ನೀರು ಕುಡಿದು ಉಬ್ಬುತ್ತದೆ; ಹಿತ್ತಾಳೆ ಬೇಗ ಸವೆಯುತ್ತದೆ; ಉಕ್ಕು ಒಳಗಿನ ಪಿನ್ನನ್ನೇ ತಿನ್ನುತ್ತದೆ. ತಟ್ಟಿದರೆ ಮಂಕಾಗಿ ಸದ್ದು ಮಾಡುವ ಹಡಗಿನ ಪಂಖದ ಕಂಚು ಉಳಿಯಿತು. ಕಡೆದ ಎರಡು ಬುಷ್‌ಗಳನ್ನು, ಏನೂ ದೋಷವಿಲ್ಲದಿದ್ದರೂ, ನಂಬದೆ ಎಸೆದ. ಮೂರನೆಯದನ್ನು ದಾರಕ್ಕೆ ತೂಗುಹಾಕಿ, ಇನ್ನೊಮ್ಮೆ ತಟ್ಟಿ ಆಲಿಸಿ, ಕೂರಿಸಿದ.

ಮರುದಿನ ಖಾಲಿ ಬುಟ್ಟಿಗಳೊಡನೆ ಮೇಲೇರಿ ಬಂದ ತುಕಿಮನ್ ಬೀದಿಯಿಂದಲೇ ಕೂಗಿದ: "ಒಂಚೂರೂ ಅಲ್ಲಾಡ್ಲಿಲ್ಲ ಭಾವ! ಇನ್ನಾದ್ರೂ ಮರೀರಿ!" ಸುವಾರ್ಜೊ ನಗಲಿಲ್ಲ. ಕುಕ್ಕರಗಾಲಲ್ಲಿ ಕುಳಿತು, ಕೀಲಿಗೆ ಬೆರಳಿಟ್ಟು, ಚಕ್ರವನ್ನು ಅಲುಗಿಸಿ ನೋಡಿದ. ಅಂದಿನಿಂದ ವಾರವಾರವೂ ನೋಡುತ್ತಾನೆ.

ನೊಂದವನು ಮರೆತರೂ ನೋಯಿಸಿದ ಕೈಗೆ ಮರೆವಿಲ್ಲ. ಇಂಥ ಕೆಲಸಗಾರರು ಕ್ಷಮೆಯನ್ನು ಬಾಯಿಬಿಟ್ಟು ಕೇಳುವುದೂ ಇಲ್ಲ, ಕೊಟ್ಟರೆ ತೆಗೆದುಕೊಳ್ಳುವುದೂ ಇಲ್ಲ. ಕೀಲು ಇನ್ನೂ ಗಟ್ಟಿಯಿದೆಯೆಂದು ಬೆರಳಿಗೆ ತಿಳಿದಾಗ, ಮುಂದಿನ ವಾರಕ್ಕೆ ಸಾಕಾಗುವಷ್ಟು ಮಾತ್ರ ನೆಮ್ಮದಿಯ ಉಸಿರು ಬಿಡುತ್ತಾರೆ.