ಮೂವತ್ತು ದಾಟದ ಹಾಡುಗಳು

ಡ್ರೈವಿಂಗ್ ಸ್ಕೂಲ್ ಮೇಷ್ಟ್ರಿಗೆ ಹೆದರಿಕೆ ಅಂದರೇನು ಅಂತಲೇ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬ್ರೇಕು ಯಾವುದು, ಕ್ಲಚ್ಚು ಯಾವುದು ಅಂತ ತಿಳಿಯದವರ ಪಕ್ಕ ಬೆಳಗಾದರೆ ಹೋಗಿ ಕೂರುತ್ತಿದ್ದರೇ? ಎದುರಿಗೆ ಲಾರಿ ಬಂದರೂ "ಹಾಂ, ನಿಧಾನ, ನಿಧಾನ" ಅನ್ನುತ್ತ ತಮ್ಮ ಕಾಲ ಕೆಳಗೆ ಹಾಕಿಸಿಕೊಂಡಿದ್ದ ಇನ್ನೊಂದು ಬ್ರೇಕನ್ನು ಒತ್ತುವ ಮನುಷ್ಯ ಅವರು. ಅಂಥವರಿಗೆ ಬೀಗರ ಮನೆಯ ಸೋಫಾದ ಮೇಲೆ ಕೂತಾಗ ಗಂಟಲ ಪಸೆ ಆರಿಹೋಯಿತು.

ಆಗಿದ್ದಿಷ್ಟೆ. ಮಗಳು ಎಲ್ಲರ ಮುಂದೆ, "ರಿಸೆಪ್ಷನ್‌ನಲ್ಲಿ ಮೊದಲನೇ ಹಾಡಿಗೆ ನಾನೂ ನಮ್ಮಪ್ಪನೂ ಕುಣೀತೀವಿ, ಆಮೇಲೆ ಮಿಕ್ಕವರು" ಅಂದಳು.

"ಓಹೋ, ಮೇಷ್ಟ್ರು ಡ್ಯಾನ್ಸೂ ಮಾಡ್ತಾರಾ?" ಅಂತ ಬೀಗರು ಹುಬ್ಬು ಹಾರಿಸಿದರು.

ಆ ಹುಬ್ಬು ನೋಡಿ ಮೇಷ್ಟ್ರಿಗೆ ರೇಗಿಹೋಯಿತು. "ಮಾಡದೆ ಏನು? ಅಷ್ಟೇ ಅಲ್ಲ, ಅವತ್ತಿನ ಹಾಡುಗಳನ್ನೆಲ್ಲ ಆರಿಸೋನೂ ನಾನೇ" ಅಂದುಬಿಟ್ಟರು. ಸುಮ್ಮನೆ ಕಾಫಿ ಕುಡಿದು ಎದ್ದು ಬರಬಾರದಿತ್ತೇ?

ದೇವರಾಣೆಗೂ ಅವರು ಒಮ್ಮೆಯೂ ಕುಣಿದವರಲ್ಲ. ತಾನು ಕುಣಿದರೆ ಜನ ನಗುತ್ತಾರೆ, ನಕ್ಕರೆ ಮದುವೆಯ ದಿನವೇ ಮಗಳ ತಲೆ ತಗ್ಗುತ್ತದೆ ಅನ್ನೋದೊಂದೇ ಯೋಚನೆ. ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಕೊನೆಗೊಂದು ಉಪಾಯ ಕಂಡುಕೊಂಡರು. ಯಾವ ಹಾಡಿಗೆ ಕಾಲು ಹತೋಟಿ ತಪ್ಪುವುದಿಲ್ಲವೋ ಅದು ಒಳ್ಳೆಯ ಹಾಡು. ಹಾಗಾದರೆ ಅದನ್ನು ಪರೀಕ್ಷೆ ಮಾಡೋದೆಲ್ಲಿ? ಇನ್ನೆಲ್ಲಿ, ಕಾರಿನಲ್ಲಿ!

ಮಾರನೇ ದಿನದಿಂದ ಕಲಿಯೋಕೆ ಬಂದವರ ಪಾಡು ಕೇಳಬೇಡಿ. ಸ್ಟೇರಿಂಗ್ ಹಿಡಿದ ಕೂಡಲೇ ಮೇಷ್ಟ್ರು ಒಂದು ಹಾಡು ಹಾಕುವರು, ಸ್ಪೀಡೋಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು ಕೂರುವರು. ಮುಳ್ಳು ಮೂವತ್ತು ದಾಟಿತೋ, ಆ ಹಾಡು ಹೊರಕ್ಕೆ. ಔಷಧಿ ಅಂಗಡಿಯವರು ಕೊಳಲಿನ ಹಾಡಿಗೆ ತಿರುವಿನಲ್ಲಿ ನಿಧಾನ ಮಾಡಿದರು, ಕೊಳಲು ಒಳಕ್ಕೆ. ಬೇಕರಿಯಮ್ಮ ಡೋಲಿನ ಹಾಡು ಕೇಳುತ್ತಿದ್ದಂತೆ "ಆಹಾ!" ಅಂದು ಆಕ್ಸಿಲರೇಟರ್ ಒತ್ತಿ, ಶಾಲೆಯ ಗೇಟಿನವರೆಗೆ ಹೋಗಿ, ಗೇಟನ್ನೂ ಜೊತೆಗೆ ಕರೆದುಕೊಂಡು ಒಳಗೆ ಹೋದರು. ಡೋಲು ಹೊರಕ್ಕೆ ಅಂತ ಬೇರೆ ಹೇಳಬೇಕೇ?

ಹೀಗೆ ಸೋಸಿ ಸೋಸಿ ತೆಗೆದ ಹಾಡುಗಳನ್ನು ಮದುವೆಗೆ ಮೂರು ದಿನ ಇದೆ ಅನ್ನುವಾಗ ಮನೆಯ ಹಾಲ್‌ನಲ್ಲಿ ಕೇಳಿಸಿದರು. ಹೆಂಡತಿ, ಮಗಳು, ಮೇಷ್ಟ್ರ ಅಕ್ಕ, ಮೂವರೂ ಸಾಲಾಗಿ ಕೂತರು. ಮೊದಲನೇ ಹಾಡಿಗೆ ಹೆಂಡತಿ ಆಕಳಿಸಿದಳು. ಎರಡನೆಯದಕ್ಕೆ ಗೋಡೆಗೆ ಒರಗಿದಳು. ಮೂರನೆಯದು ಮುಗಿಯೋ ಹೊತ್ತಿಗೆ ಗೊರಕೆ.

"ಏನೋ ಇದು?" ಅಂದಳು ಅಕ್ಕ. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. "ರಿಸೆಪ್ಷನ್ನೋ, ಹಲ್ಲು ಕೀಳೋ ಡಾಕ್ಟರ ಮನೆ ಜಗುಲಿಯೋ? ಈ ಹಾಡಿಗೆ ಕುಣಿಯೋದಿರಲಿ, ಮಗ್ಗುಲು ಬದಲಾಯಿಸೋಕೂ ಮನಸ್ಸು ಬರಲ್ಲ."

ಮೇಷ್ಟ್ರು ತಮ್ಮ ಪರೀಕ್ಷೆಯ ಕಥೆಯನ್ನೆಲ್ಲ ಬಿಡಿಸಿ ಹೇಳಿದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳು ನಗಲಿಲ್ಲ.

"ಅಪ್ಪ, ನನ್ನ ಜೊತೆ ಕುಣಿಯೋಕೆ ನಿನಗೆ ಇಷ್ಟ ಇಲ್ಲ, ಅಲ್ವಾ? ಮೊದಲೇ ಹೇಳಿದ್ರೆ ಆಗ್ತಿತ್ತು. ಬಿಡು, ಆ ಹಾಡು ಬೇಡ" ಅಂದು ಎದ್ದು ಒಳಗೆ ಹೋದಳು.

ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತರು. ಜನ ನಕ್ಕು ಮಗಳ ಮನಸ್ಸು ನೋಯದಿರಲಿ ಅಂತ ಇಷ್ಟೆಲ್ಲ ಒದ್ದಾಡಿ, ಕೊನೆಗೆ ತಾವೇ ನೋಯಿಸಿದ್ದರು. ಅವಳ ಕೋಣೆಯ ಬಾಗಿಲ ಮುಂದೆ ಹೋಗಿ ಗಂಟಲು ಸರಿಮಾಡಿಕೊಂಡರು.

"ಲೇ ಮರಿ, ಇಷ್ಟ ಇಲ್ಲ ಅಂತ ಅಲ್ಲ ಕಣೆ. ನನಗೆ ಬರಲ್ಲ. ಹೆದರಿಕೆ."

ಬಾಗಿಲು ಸ್ವಲ್ಪ ತೆರೆಯಿತು. "ನಿನಗಾ? ಹೆದರಿಕೆಯಾ?"

"ಹೂಂ. ಎಲ್ಲರೂ ನಗ್ತಾರೆ."

"ನಗಲಿ ಬಿಡಪ್ಪ. ಮದುವೆ ಮನೇಲಿ ಅಳೋಕಾಗುತ್ತಾ?" ಅಂದಳು ಮಗಳು. ಮೇಷ್ಟ್ರು ಆರಿಸಿಟ್ಟಿದ್ದ ಹಾಡುಗಳನ್ನೆಲ್ಲ ಬದಿಗಿಟ್ಟು, ಹೊರಕ್ಕೆ ಹಾಕಿದ್ದನ್ನೆಲ್ಲ ರಿಸೆಪ್ಷನ್‌ನಲ್ಲಿ ಹಾಡು ಹಾಕುವವನಿಗೆ ಕಳಿಸಿಬಿಟ್ಟರು.

ರಿಸೆಪ್ಷನ್ ದಿನ ಡೋಲಿನ ಹಾಡೇ ಮೊದಲು ಮೊಳಗಿತು. ಮಗಳು ಕೈ ಹಿಡಿದು ಎಳೆದಳು. ಕುರ್ಚಿಗಳ ನಡುವಿನ ಖಾಲಿ ಜಾಗದಲ್ಲಿ ಮೇಷ್ಟ್ರು ಕಂಬದ ಹಾಗೆ ನಿಂತರು. ಎದೆ ಡೋಲಿಗಿಂತ ಜೋರಾಗಿ ಬಡಿಯುತ್ತಿತ್ತು. ಏನು ಮಾಡಬೇಕು ಅಂತ ತೋಚದಾಗ ಮನುಷ್ಯ ಗೊತ್ತಿರೋದನ್ನೇ ಮಾಡುತ್ತಾನೆ ತಾನೇ? ಅವರೂ ಮಾಡಿದರು.

"ಹಾಂ, ಮೊದಲು ಸುತ್ತ ನೋಡು. ಹಿಂದೆ ನಮ್ಮಕ್ಕ ಬರ್ತಿದ್ದಾಳೆ, ಭಾರಿ ಗಾಡಿ, ಜಾಗ ಬಿಡು. ಈಗ ಕೈ ತೋರಿಸು, ಎಡಕ್ಕೆ ತಗೋ. ತಗೋ, ತಗೋ, ತಗೋ... ಸಾಕು! ಈಗ ರಿವರ್ಸು!"

ಮಗಳು ಬಿದ್ದು ಬಿದ್ದು ನಗುತ್ತಲೇ ಕೈ ತೋರಿಸಿ ಎಡಕ್ಕೆ ತಿರುಗಿದಳು, ಹಿಂದೆ ನೋಡುತ್ತ ರಿವರ್ಸ್ ಬಂದಳು. ಬೇಕರಿಯಮ್ಮ ಕೂತಲ್ಲಿಂದ ಎದ್ದು ತಾವೂ ಕೈ ತೋರಿಸಿದರು. ಮೇಷ್ಟ್ರ ಹತ್ತಿರ ಕಲಿತವರು ಅರ್ಧ ಹಾಲ್ ತುಂಬಿದ್ದರು, ಅವರೆಲ್ಲ ಸಾಲಾಗಿ ಬಂದು ಸೇರಿಕೊಂಡರು. ನೋಡನೋಡುತ್ತ ನೂರು ಜನ ಕೈ ಚಾಚಿ ಒಟ್ಟಿಗೆ ಬಲಕ್ಕೆ ತಿರುಗಿದರು. ಬೀಗರು ಮಾತ್ರ ತಪ್ಪಿ ಎಡಕ್ಕೆ ತಿರುಗಿ ಔಷಧಿ ಅಂಗಡಿಯವರಿಗೆ ಗುದ್ದಿದರು. ಎಲ್ಲರೂ ನಕ್ಕರು. ಮೇಷ್ಟ್ರಿಗೆ ಅದು ಕೇಳಿಸಲೇ ಇಲ್ಲ. ಮಗಳ ನಗು ಒಂದೇ ಕೇಳಿಸುತ್ತಿತ್ತು. ಆ ನಗು ನಾಳೆಯಿಂದ ಮನೆಯಲ್ಲಿ ಇರುವುದಿಲ್ಲ ಅಂತ ಹೊಳೆದದ್ದೂ ಆಗಲೇ.

ಹಾಡು ಮುಗಿಯಿತು. ಅಳಿಯ ಕೋಟು ಸರಿಮಾಡಿಕೊಂಡು ಮುಂದೆ ಬಂದ. "ಮಾವ, ಈಗ ನಾನು..."

"ಒಂದು ನಿಮಿಷ ಇರಿ" ಅಂದರು ಮೇಷ್ಟ್ರು. "ಹೇ, ಇನ್ನೊಂದು ಹಾಕಪ್ಪ!"

ಎರಡನೆಯದೂ ಮುಗಿಯಿತು. ಅಳಿಯ ಮತ್ತೆ ಬಂದ. ಈ ಸಲ ಮೇಷ್ಟ್ರು ಮಗಳನ್ನು ಪಕ್ಕಕ್ಕೆ ತಿರುಗಿಸಿಕೊಂಡು ಕಾಣದವರ ಹಾಗೆ ಹೋದರು. ಮೂರನೆಯದಕ್ಕೆ ಹುಡುಗ ನೇರ ಅಡ್ಡ ಬಂದು ನಿಂತ. "ಮಾವ, ದಯವಿಟ್ಟು. ಮದುವೆ ಆಗಿರೋನು ನಾನು."

"ಅದೇ ಕಣಪ್ಪ ನಾನೂ ಹೇಳೋದು" ಅಂದರು ಮೇಷ್ಟ್ರು. ಮೂಗು ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು, ಕಾಲು ಮಾತ್ರ ನಿಂತಿರಲಿಲ್ಲ. "ನಿಮಗೆ ನಾಳೆ ಇದೆ, ನಾಳಿದ್ದು ಇದೆ. ಸ್ವಲ್ಪ ಹೊತ್ತು ನಮ್ಮಕ್ಕನ ಜೊತೆ ಕುಣೀತಿರಿ ಹೋಗಿ."

ಅಳಿಯ ಮೇಷ್ಟ್ರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅವಳು ಅಪ್ಪನ ಭುಜಕ್ಕೆ ಕೆನ್ನೆ ಒತ್ತಿಕೊಂಡಿದ್ದಳು. ಅವನು ಹೋಗಿ ಮೇಷ್ಟ್ರ ಅಕ್ಕನಿಗೆ ಕೈ ಚಾಚಿದ.