ಆರೂ ಹತ್ತರ ಮೆಸೇಜು

ಆರೂ ಹತ್ತಕ್ಕೆ ಗುಬ್ಬಿಯ ಪೆಟ್ಟಿಗೆ ಮತ್ತೆ ಆರಿತು. ತುಮಕೂರಿನ ಶಿರಾ ಗೇಟಿನ ಕಚೇರಿಯಲ್ಲಿ ಭೂಮಿಕಾಳ ಎದುರಿನ ಪರದೆಯಲ್ಲಿ ಅದೇ ಸಾಲು ಮೂಡಿತು: ‘ಗುಬ್ಬಿ, ಕರೆಂಟ್ ಇಲ್ಲ.’ ಆಮೇಲೆ ಏನೂ ಇಲ್ಲ.

ಮನೆಗಳಿಗೆ ಇಂಟರ್ನೆಟ್ ಕೊಡುವ ರೇಣುಕಾಪ್ರಸಾದರ ಸಣ್ಣ ಕಂಪನಿಗೆ ಅವಳು ಸೇರಿ ಎಂಟು ತಿಂಗಳು. ತುಮಕೂರಿನಿಂದ ಹೊರಟ ಕೇಬಲ್ಲು ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಸ್ವಿಚ್ ಪೆಟ್ಟಿಗೆಗೆ ಬಂದು ಸೇರಿ, ಅಲ್ಲಿಂದ ಮನೆಮನೆಗೆ ಹಂಚಿಹೋಗುತ್ತಿತ್ತು. ಹೊಸ ಪೆಟ್ಟಿಗೆ ತರಿಸಿ ಎಂದು ಹಟ ಹಿಡಿದವಳೂ ಅವಳೇ, ಅದರ ಸಾಫ್ಟ್‌ವೇರಿನ ಸೆಟ್ಟಿಂಗ್ ಬರೆದವಳೂ ಅವಳೇ. ಹಳೆಯವು ಹೇಳದೆ ಕೇಳದೆ ಕೆಡುತ್ತಿದ್ದವು. ಹೊಸವು ಹಾಗಲ್ಲ. ಕರೆಂಟ್ ತಪ್ಪಿದರೆ, ಒಳಗೆ ಉಳಿದ ಚೂರು ಶಕ್ತಿಯಲ್ಲಿ ಒಂದೇ ಒಂದು ಮೆಸೇಜು ಕಳಿಸಿ ಸುಮ್ಮನಾಗುತ್ತವೆ. ಆ ಸೌಲಭ್ಯ ಅವಳಿಗೆ ಯಾಕೋ ತುಂಬಾ ಹಿಡಿಸಿತ್ತು.

ಈಗ ಅದೇ ಅವಳ ತಲೆ ಕೆಡಿಸಿತ್ತು. ಹೊಸ ಪೆಟ್ಟಿಗೆ ಕೂರಿಸಿದ ಮೇಲೆ, ಹತ್ತು ದಿನದಿಂದ ಬೆಳಿಗ್ಗೆ ಆರೂ ಹತ್ತಕ್ಕೋ ಹದಿನೈದಕ್ಕೋ ಗುಬ್ಬಿ ಆರುತ್ತದೆ, ಇಪ್ಪತ್ತೈದು ನಿಮಿಷ ಬಿಟ್ಟು ತಾನಾಗಿ ಬರುತ್ತದೆ. ನಿನ್ನೆ, ಬುಧವಾರ ಮಾತ್ರ ಆರಲಿಲ್ಲ. ಬುಧವಾರ ಏನಿತ್ತು?

ಫೋನ್ ಬಡಿದುಕೊಂಡಿತು. ಗುಬ್ಬಿಯ ಹಾಲಿನ ಡೇರಿಯ ಹೊನ್ನಯ್ಯ.

“ಏನಮ್ಮಾ, ನಿಮ್ಮ ನೆಟ್ಟು ದಿನಾ ಹೊತ್ತಾರೆ ನಿದ್ದೆ ಮಾಡ್ತದಾ? ನೆಟ್ಟಿಲ್ದೆ ಹಾಲು ಅಳೆಯೋ ಮೆಷಿನ್ ನಿಂತೈತೆ, ಜನ ಕ್ಯಾನ್ ಹಿಡ್ಕಂಡು ನಿಂತವ್ರೆ, ಹಾಲು ಒಡೆಯೋವರ್ಗೂ ಕಾಯ್ಬೇಕಾ?”

ಪಕ್ಕದ ಕುರ್ಚಿಯ ಸಿದ್ಧಾರ್ಥ್ ಅವಳಿಗಿಂತ ನಾಲ್ಕು ವರ್ಷ ಹಿರಿಯ. “ಎಲ್ಲಾ ನಿನ್ನ ಸೆಟ್ಟಿಂಗ್ ಮಹಿಮೆ ಕಣೇ,” ಎಂದ. “ಪೆಟ್ಟಿಗೆ ಸುಳ್ಳು ಹೇಳ್ತಿದೆ.”

“ಕುಣಿಗಲ್‌ದೂ ಅದೇ ಸೆಟ್ಟಿಂಗ್. ಅಲ್ಯಾಕಾಗಲ್ಲ?”

“ಹೋಗಿ ಕುಣಿಗಲ್ ಕೆರೆ ಏರಿ ಮೇಲೆ ಕೂತ್ಕೊಂಡು ಯೋಚ್ನೆ ಮಾಡು.”

ಶನಿವಾರದೊಳಗೆ ಸರಿಹೋಗದಿದ್ದರೆ ಹಳೆ ಪೆಟ್ಟಿಗೆಗಳೇ ವಾಪಸು, ಭೂಮಿಕಾ ಫೋನ್ ಎತ್ತುವ ಟೇಬಲ್ಲಿಗೆ ಎಂದು ರೇಣುಕಾಪ್ರಸಾದರು ಹೇಳಿಬಿಟ್ಟಿದ್ದರು. ಇವತ್ತು ಗುರುವಾರ.

ಗುಬ್ಬಿಯ ಪೆಟ್ಟಿಗೆ ಇದ್ದದ್ದು ಮಹಾದೇವಯ್ಯನವರ ಮನೆಯ ನಡುಮನೆಯಲ್ಲಿ. ಅವಳು ಅವರಿಗೆ ಮೂರು ಸಲ ಫೋನ್ ಮಾಡಿದ್ದಳು. ಬೆಳಿಗ್ಗೆ ಕರೆಂಟ್ ಹೋಗುತ್ತಾ ತಾತ? “ಇಲ್ಲ ಕಣವ್ವಾ, ಲೈಟು ಉರೀತಾ ಐತೆ.” ಕರೆಂಟ್ ಹೋದರೂ ಪೆಟ್ಟಿಗೆಯನ್ನು ನಡೆಸುವ ಯುಪಿಎಸ್‌ನ ಬ್ಯಾಟರಿಯೂ ತುಂಬಿತ್ತು. ಮನುಷ್ಯರು ಸುಳ್ಳು ಹೇಳುತ್ತಿಲ್ಲ, ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಹಾಗಾದರೆ ತಪ್ಪಿದ್ದು ತಾನೇ ಇರಬೇಕು. ಎಲ್ಲಿ ಎಂಬುದೇ ತಿಳಿಯದು.

ಶುಕ್ರವಾರ ಮೊದಲ ಬಸ್ಸಿಗೆ ಗುಬ್ಬಿಗೆ ಹೋದಳು. ಬಾಗಿಲು ತೆಗೆದ ಮಹಾದೇವಯ್ಯನವರ ಹೆಂಡತಿ ಶಿವರುದ್ರಮ್ಮ, “ಏನವ್ವಾ ಇಷ್ಟೊತ್ಗೇ? ಬಾ, ಕಾಫಿ ಕುಡಿ,” ಎಂದು ಒಳಗೆ ಕೂರಿಸಿದರು. ಗೋಡೆಯ ಮೇಲೆ ಪೆಟ್ಟಿಗೆ ಗೊರ್ರೆನ್ನುತ್ತಿತ್ತು. ಅವಳು ಅದರ ಹಸಿರು ದೀಪಗಳನ್ನೇ ನೋಡುತ್ತಾ ಕೂತಳು.

ಆರೂ ಹನ್ನೆರಡಕ್ಕೆ ಮಹಾದೇವಯ್ಯ ಸ್ನಾನ ಮುಗಿಸಿ, ವಿಭೂತಿ ಧರಿಸಿ ಬಂದರು. ಅವಳನ್ನು ನೋಡಿ ತಲೆಯಾಡಿಸಿದರು. ಪೆಟ್ಟಿಗೆಯ ಕೆಳಗೆ ಮಣೆ ಹಾಕಿದರು. ಆಮೇಲೆ, ಚಪ್ಪಲಿ ಬಿಡುವಷ್ಟೇ ಸಹಜವಾಗಿ ಕೈ ಎತ್ತಿ ಯುಪಿಎಸ್‌ನಿಂದ ಪೆಟ್ಟಿಗೆಗೆ ಬರುವ ಪ್ಲಗ್ಗಿನ ಗುಂಡಿ ಆರಿಸಿ, ಕೂತು, ಲಿಂಗವನ್ನು ಅಂಗೈಯಲ್ಲಿ ಹಿಡಿದು ದೃಷ್ಟಿ ನೆಟ್ಟರು.

ಭೂಮಿಕಾಳ ಬಾಯಿ ತೆರೆದೇ ಉಳಿಯಿತು. ಶಿವರುದ್ರಮ್ಮ ತುಟಿಯ ಮೇಲೆ ಬೆರಳಿಟ್ಟರು. ಚೀಲದಲ್ಲಿ ಅವಳ ಫೋನ್ ನಡುಗತೊಡಗಿತು, ಹೊನ್ನಯ್ಯನೇ ಇರಬೇಕು. ಎದ್ದು ಗುಂಡಿ ಒತ್ತಲೇ? ಒತ್ತಲು ಕೈ ಬರಲಿಲ್ಲ. ಇಷ್ಟು ದಿನ ಪರದೆಯ ಮೇಲೆ ಬರಿಯ ಖಾಲಿಯಾಗಿ ಕಂಡಿದ್ದ ಇಪ್ಪತ್ತೈದು ನಿಮಿಷದ ಒಳಗೆ ಅವಳೀಗ ಕೂತಿದ್ದಳು. ಊದುಬತ್ತಿಯ ಬೂದಿ ಉದುರಿದ್ದೂ ಕೇಳುವಂತಿತ್ತು.

ಪೂಜೆ ಮುಗಿಸಿ ಅವರು ಗುಂಡಿ ಒತ್ತಿದಾಗ ಅವಳು ಕೇಳಿದಳು, “ಇದನ್ಯಾಕೆ ಹೇಳ್ಲಿಲ್ಲ ತಾತ?”

“ನೀನು ಕರೆಂಟ್ ಹೋಗ್ತದಾ ಅಂತ ಕೇಳ್ದೆ. ಹೋಗಲ್ಲ. ಅದು ಗೊರ್ರ್ ಅಂತಿದ್ರೆ ಶಿವನ ಮುಂದೆ ಮನಸು ನಿಲ್ತದೇನವ್ವಾ? ಹಳೇ ಪೆಟ್ಟಿಗೆ ತೆಪ್ಪಗಿತ್ತು ಬುಡು.”

“ಬುಧವಾರ?”

“ಮಠಕ್ಕೋಗಿದ್ದೆ.”

ಅವಳು ಲ್ಯಾಪ್‌ಟಾಪ್ ತೆರೆದಳು. ಬಿಸಿಯಾದರೆ ಕಷ್ಟ ಎಂದು ಹೆದರಿ, ಒಳಗಿನ ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ತಿರುಗಲಿ ಎಂದು ಬರೆದಿದ್ದವಳು ಅವಳೇ. ಕುಣಿಗಲ್ಲಿನ ಪೆಟ್ಟಿಗೆ ಮುಚ್ಚಿದ ಅಂಗಡಿಯಲ್ಲಿತ್ತು, ಅಲ್ಲಿ ಅದರ ಸದ್ದು ಕೇಳುವವರಿರಲಿಲ್ಲ. ಎಲ್ಲಾ ಸೆಟ್ಟಿಂಗಿನದೇ ಎಂದು ಸಿದ್ಧಾರ್ಥ್ ಹೇಳಿದ್ದು ನಿಜವಾಯಿತಲ್ಲ! ಆದರೆ ಪೆಟ್ಟಿಗೆಯೂ ಸುಳ್ಳು ಹೇಳಿರಲಿಲ್ಲ. ನಗಬೇಕೋ ನಾಚಬೇಕೋ ತಿಳಿಯದೆ ಆ ಸಾಲು ಅಳಿಸಿದಳು. ತಂಪಿದ್ದಾಗ ಫ್ಯಾನ್ ನಿಲ್ಲಲಿ, ಬಿಸಿಯೇರಿದಾಗ ತಿರುಗಲಿ ಎಂದು ಬರೆದಳು.

ಶನಿವಾರ ಆರಕ್ಕೇ ಪರದೆಯ ಮುಂದೆ ಕೂತಳು. ಬೆನ್ನ ಹಿಂದೆ ರೇಣುಕಾಪ್ರಸಾದರು ನಿಂತಿದ್ದರು. ಆರೂ ಹತ್ತು. ಏನೂ ಬರಲಿಲ್ಲ. ಆರೂ ಹನ್ನೆರಡಕ್ಕೆ ಮಹಾದೇವಯ್ಯನವರ ಫೋನ್ ಬಂತು.

“ಪೆಟ್ಟಿಗೆ ಕೆಟ್ಟೋಗೈತೆ ಕಣವ್ವಾ. ಉಸಿರೇ ಇಲ್ಲ. ಒಂದ್ಸಲ ಆರಿಸಿ ಹಾಕ್ಲಾ?”

“ಬೇಡ ತಾತ! ಮುಟ್ಬೇಡಿ! ಅದು ಸರಿಯಾಗೇ ಇದೆ.”

“ಸದ್ದಿಲ್ದೆ ಎಂಗವ್ವಾ ಕೆಲ್ಸ ಮಾಡ್ತದೆ?”

“ಮಾಡ್ತದೆ ತಾತ. ನೀವು ಕೂತ್ಕಳಿ.”

“ಸರಿ ಬುಡು,” ಎಂದು ಅನುಮಾನದಲ್ಲೇ ಅಂದ ಅವರು, ಫೋನ್ ಕಟ್ ಮಾಡುವುದನ್ನು ಮರೆತು ಎಲ್ಲೋ ಇಟ್ಟರು. ಮಣೆ ಎಳೆದ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ. ಪರದೆಯಲ್ಲಿ ಗುಬ್ಬಿ ಹಸಿರಾಗಿಯೇ ಇತ್ತು. ರೇಣುಕಾಪ್ರಸಾದರು ಏನೋ ಕೇಳಲು ಬಾಯಿ ತೆರೆದರು. ಭೂಮಿಕಾ ಫೋನನ್ನು ಕಿವಿಗೆ ಒತ್ತಿ ಹಿಡಿದೇ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟಳು.